ಪ್ರಾಗ್ ಹಳೇಪೇಟೆ: ನಡೆಸೋದಕ್ಕಿಂತ ನಿಲ್ಲಿಸೋದೇ ಕೆಲಸ

ಪೌಡರ್ ಟವರ್‌ನಿಂದ ಚಾರ್ಲ್ಸ್ ಸೇತುವೆಯ ಆಚೆ ತುದಿಗೆ ಎರಡು ಕಿಲೋಮೀಟರ್ ಒಳಗೇ. ಸುಮ್ಮನೆ ನಡೆದರೆ ಅರ್ಧ ಗಂಟೆ. ಗೈಡ್ ಆದ ನಾನು ಕನ್ನಡದ ಪ್ರವಾಸಿಗರ ಗುಂಪಾದರೆ ಎರಡೂವರೆ ಗಂಟೆ ಇಟ್ಟುಕೊಳ್ಳುತ್ತೇನೆ, 15 ಜನಕ್ಕಿಂತ ಹೆಚ್ಚು ಸೇರಿಸುವುದಿಲ್ಲ. ಅದಕ್ಕೂ ಮೇಲಾದರೆ ಹಿಂದಿನವರಿಗೆ ಮಾತು ಕೇಳಿಸದು, ಅವರು ಅಂಗಡಿ ನೋಡುತ್ತಾ ಉಳಿದುಬಿಡುತ್ತಾರೆ.

ಇಡೀ ಲೆಕ್ಕ ನಿಂತಿರುವುದು ಖಗೋಳ ಗಡಿಯಾರದ ಮೇಲೆ. ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಅಪೊಸ್ತಲರ (ಯೇಸುವಿನ ಶಿಷ್ಯರ) ಗೊಂಬೆಗಳು ಕಿಟಕಿಯಲ್ಲಿ ಹಾದುಹೋಗುತ್ತವೆ. 10ರ ಆಟ ಹಿಡಿಯಬೇಕೆಂದರೆ 9:10ಕ್ಕೆ ಹೊರಟು, ಸೆಲೆಟ್ನಾ ಬೀದಿಯಲ್ಲಿ ರಾಜರ ಪಟ್ಟಾಭಿಷೇಕದ ದಾರಿ ಇದೇ ಎಂದಷ್ಟೇ ಹೇಳಿ, 9:40ರೊಳಗೆ ಗಡಿಯಾರದ ಮುಂದಿರುತ್ತೇನೆ. ಗಡಿಯಾರ ಇರುವುದು ಪುರಭವನದ ದಕ್ಷಿಣ ಗೋಡೆಯಲ್ಲಿ: ನೋಡುವವರ ಬೆನ್ನಿಗೆ ಬಿಸಿಲು, ಅವರ ಕಡೆ ತಿರುಗಿ ಮಾತಾಡುವ ನಮ್ಮಂಥ ಗೈಡ್‌ಗಳ ಕಣ್ಣಿಗೆ. ಟೋಪಿ ಮರೆಯಬೇಡಿ.

ಆ 20 ನಿಮಿಷ ಗಡಿಯಾರ ಓದಿಸಲು ಸಾಕು. 1410ರದ್ದು, ಮಾಡಿದವನು ಕಡಾನ್ ಊರಿನ ಮಿಕುಲಾಶ್. ಇದನ್ನು ಮಾಡಿದವನು ಹಾನುಶ್ ಎಂಬ ಕುಶಲಕರ್ಮಿ, ಇಂಥದ್ದು ಇನ್ನೊಂದು ಮಾಡದಿರಲೆಂದು ಅವನ ಕಣ್ಣು ಕೀಳಿಸಿದರೆಂಬ ಕಥೆಯನ್ನು ನಾನು ಕಥೆ ಎಂದೇ ಹೇಳುತ್ತೇನೆ. ಹೊರಗಿನ ಉಂಗುರದ ಅಂಕಿಗಳು 1ರಿಂದ 24. ಹೊತ್ತು ಮುಳುಗಿದಾಗ 24 ಮುಗಿದು ಹೊಸ ದಿನ ಶುರು. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದಿಂದ ದಿನ ಎಣಿಸಿದ ಹಾಗೆ ಇವರು ಸೂರ್ಯಾಸ್ತದಿಂದ ಎಣಿಸುತ್ತಿದ್ದರು ಎಂದರೆ ಎಲ್ಲರಿಗೂ ಹೊಳೆಯುತ್ತದೆ. ಒಳಗಿನ ಚಿಕ್ಕ ಉಂಗುರ ರಾಶಿಚಕ್ರ, ಅದರ ಮೇಲೆ ಬಂಗಾರದ ಸೂರ್ಯ. ಮಾರ್ಚ್ ಕೊನೆಗೆ ಬಂದ ಗುಂಪಿನಲ್ಲಿ ಒಬ್ಬ ಹಿರಿಯರಾದರೂ ಸೂರ್ಯ ಆಗಲೇ ಮೇಷದಲ್ಲಿರುವುದನ್ನು ಕಂಡು ಕೇಳಿಯೇ ಕೇಳುತ್ತಾರೆ: "ಮೇಷ ಸಂಕ್ರಮಣ ಏಪ್ರಿಲ್ 14ಕ್ಕಲ್ವೇನಪ್ಪಾ?" ಇದು ಸಾಯನ (ವಿಷುವದಿಂದ ರಾಶಿ ಎಣಿಸುವುದು), ನಮ್ಮದು ನಿರಯನ (ನಕ್ಷತ್ರಗಳಿಂದ ಎಣಿಸುವುದು), ನಡುವಿನ ಅಂತರ, ಅಂದರೆ ಅಯನಾಂಶ, ಸುಮಾರು 24 ಡಿಗ್ರಿ. ಈ ಉತ್ತರ ಗೊತ್ತಿಲ್ಲದೆ ಕನ್ನಡದವರನ್ನು ಅಲ್ಲಿ ನಿಲ್ಲಿಸಬಾರದು.

ಎಡವಟ್ಟು ಆಗೋದು ಆಟ ಮುಗಿದಾಗ. ಅಸ್ಥಿಪಂಜರ ಗಂಟೆ ಎಳೆದು, ಕೊನೆಗೆ ಕೋಳಿ ಕೂಗುವಷ್ಟರಲ್ಲಿ ಒಂದು ನಿಮಿಷವೂ ಆಗಿರುವುದಿಲ್ಲ. ನೂರಾರು ಜನ ಒಟ್ಟಿಗೇ ಚದುರುತ್ತಾರೆ. ಎಲ್ಲರೂ ಫೋನ್ ಎತ್ತಿ ಮೇಲೆ ನೋಡುವುದರಿಂದ ಜೇಬುಗಳ್ಳರಿಗೆ ಅದೇ ಹೊತ್ತು ಬೇಕು. ಹಾಗಾಗಿ ಬ್ಯಾಗ್ ಎದೆಗೆ ಹಾಕಿಸಿ, ಮುಂದೆ ಎಲ್ಲಿ ಸೇರಬೇಕೆಂದು ಆಟಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬಲಕ್ಕೆ ತಿರುಗಿದರೆ ಪುರಭವನದ ಪೂರ್ವ ಗೋಡೆಯ ಬುಡ, ನೆಲದಲ್ಲಿ 27 ಬಿಳಿ ಶಿಲುಬೆಗಳಿರುವ ಜಾಗ. 1621ರ ಜೂನ್ 21ರಂದು ಅಲ್ಲಿ ಹ್ಯಾಬ್ಸ್‌ಬರ್ಗ್ ಅರಸರ ವಿರುದ್ಧ ಬಂಡೆದ್ದ 27 ಮುಖಂಡರನ್ನು ಕೊಂದರು. ಅದನ್ನು ಹೇಳುವುದು ತಲೆ ಎಣಿಸಿದ ಮೇಲೆ.

ಅಲ್ಲಿಂದ ಸೇತುವೆಗೆ ಹೋಗುವ ಕಾರ್ಲೋವಾ ಬೀದಿ ಇಕ್ಕಟ್ಟು, ಅಲ್ಲಿ ಬಾಯಿ ತೆರೆಯುವುದೇ ಇಲ್ಲ. ಸೇತುವೆಯ ವಿವರವನ್ನೆಲ್ಲ (1357ರಲ್ಲಿ ಆರಂಭ, 516 ಮೀಟರ್) ಕಾಲಿಡುವ ಮುಂಚೆ, ನಾಲ್ಕನೇ ಚಾರ್ಲ್ಸ್‌ನ ಪ್ರತಿಮೆಯ ಬಳಿ ಮುಗಿಸಿಬಿಡಿ. ಸೇತುವೆ ಮೇಲೆ ಒಂದೇ ನಿಲುಗಡೆ: ಬಲಗಡೆಯ ಎಂಟನೆಯ ಪ್ರತಿಮೆ, 1683ರ ಸಂತ ನೆಪೋಮುಕ್. ಕೆಳಗಿನ ಕಂಚಿನ ಫಲಕ ಮುಟ್ಟಿ ಮುಟ್ಟಿ ಅಲ್ಲಲ್ಲಿ ಹೊಳೆಯುತ್ತದೆ. ಫೋಟೊಗೆ ಸಾಲು ನಿಂತಿರುತ್ತದೆ, ಹತ್ತು ನಿಮಿಷ ಬೇಕೇ ಬೇಕು.