ಪ್ಯಾಕೇಜ್ 6.5 ಲಕ್ಷ, ಪರಿಹಾರ 73 ಸಾವಿರ

2023ರಲ್ಲಿ ನನ್ನ ಕೆಲಸ ಹೋಯಿತು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಒಂದೇ ಕಂಪನಿಯಲ್ಲಿ 7 ವರ್ಷ 8 ತಿಂಗಳು. ಅವತ್ತು ಕ್ಯಾಲೆಂಡರ್‌ನಲ್ಲಿ 'ಟೀಮ್ ಅಪ್‌ಡೇಟ್' ಅಂತ 15 ನಿಮಿಷದ ಮೀಟಿಂಗ್ ಇತ್ತು. ಒಳಗೆ ಹೋದರೆ ಟೀಮಿನವರು ಒಬ್ಬರೂ ಇಲ್ಲ. ಮ್ಯಾನೇಜರ್ ಇದ್ದರು, ಪಕ್ಕದಲ್ಲಿ ಎಚ್‌ಆರ್. ವಿಷಯ ಏನು ಅಂತ ಕೂರುವ ಮೊದಲೇ ಗೊತ್ತಾಯಿತು.

'ರೀಸ್ಟ್ರಕ್ಚರಿಂಗ್' ಎಂಬ ಮಾತು ನಾಲ್ಕೈದು ಸಲ ಬಂತು. ಆಮೇಲೆ ಒಂದು ಹಾಳೆ ನನ್ನ ಮುಂದೆ ಬಂತು. ಅದು ರಾಜೀನಾಮೆ ಪತ್ರ. ನನ್ನ ಹೆಸರಲ್ಲಿ, ಅವರೇ ಟೈಪ್ ಮಾಡಿದ್ದು. 'ಸ್ವಂತ ಕಾರಣಗಳಿಗಾಗಿ ಕೆಲಸ ಬಿಡುತ್ತಿದ್ದೇನೆ' ಎಂದಿತ್ತು. "ಇವತ್ತು ಸಂಜೆಯೊಳಗೆ ಸೈನ್ ಮಾಡಿದ್ರೆ 6,50,000 ರೂಪಾಯಿ ಪ್ಯಾಕೇಜ್. ನಿಮ್ಮ ರೆಕಾರ್ಡ್ ಕೂಡ ಕ್ಲೀನ್ ಆಗಿರುತ್ತೆ" ಎಂದರು ಎಚ್‌ಆರ್.

ನಾನು ಧೈರ್ಯವಂತೆ ಏನಲ್ಲ. ಕೈ ನಡುಗುತ್ತಿತ್ತು. ಆದರೆ ಅದೇ ಕಾರಣಕ್ಕೆ ಪೆನ್ನು ಹಿಡಿಯಲಿಲ್ಲ. "ಓದಿ ಹೇಳ್ತೀನಿ, ಎರಡು ದಿನ ಕೊಡಿ" ಅಂದೆ. ಹೊರಗೆ ಬಂದವಳೇ ಒಂದು ಮೇಲ್ ಹಾಕಿದೆ: ಇಂದು ಇಷ್ಟು ಗಂಟೆಗೆ ಮೀಟಿಂಗ್ ಆಯಿತು, ನನ್ನ ಹುದ್ದೆ ಇಲ್ಲವಾಗುತ್ತಿದೆ ಎಂದು ಹೇಳಿದಿರಿ, ರಾಜೀನಾಮೆ ಕೇಳಿದಿರಿ, ನಾನಿನ್ನೂ ಕೊಟ್ಟಿಲ್ಲ. ನಾಲ್ಕೇ ಸಾಲು. ಮುಂದೆ ನಡೆದ ಮಾತುಕತೆಯೆಲ್ಲ ನಿಂತಿದ್ದು ಈ ನಾಲ್ಕು ಸಾಲಿನ ಮೇಲೆ.

ಲಾಗಿನ್ ಸಂಜೆಗೆ ಬಂದ್ ಆಗುವುದಿತ್ತು. ಅಷ್ಟರೊಳಗೆ ಆಫರ್ ಲೆಟರ್, ಎಲ್ಲ ಇನ್‌ಕ್ರಿಮೆಂಟ್ ಲೆಟರ್, ಪೇಸ್ಲಿಪ್, ಫಾರ್ಮ್ 16, ರಜೆ ಎಷ್ಟು ಬಾಕಿ ಇದೆ ಎಂಬ ಪುಟ, ಇವನ್ನು ಇಳಿಸಿಕೊಂಡೆ. ಎಲ್ಲವೂ ನನ್ನವೇ ಕಾಗದಗಳು. ಪ್ರಾಜೆಕ್ಟಿನ ಒಂದು ಫೈಲೂ ಮುಟ್ಟಲಿಲ್ಲ. ಸಿಟ್ಟಿನಲ್ಲಿ ಅದನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡವರು, ಆಮೇಲೆ ಅದೇ ತಪ್ಪಿಗೆ ಸಿಕ್ಕಿಬಿದ್ದವರು ನನಗೆ ಗೊತ್ತು.

ರಾತ್ರಿ ಕೂತು ಆ 6,50,000ವನ್ನು ಬಿಡಿಸಿದೆ. ಆಗ ನನ್ನ ತಿಂಗಳ ಸಂಬಳ 1,20,000, ಅದರಲ್ಲಿ ಬೇಸಿಕ್ (ಭತ್ಯೆಗಳಿಲ್ಲದ ಮೂಲ ಸಂಬಳ) 60,000.

ಆಫರ್ ಲೆಟರ್ ಪ್ರಕಾರ ನೋಟಿಸ್ 2 ತಿಂಗಳು. ಅಂದರೆ 2,40,000. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಕಂಪನಿ ಕೊಡಬೇಕಾದ ದುಡ್ಡು: ಬೇಸಿಕ್‌ಗೆ 15 ಗುಣಿಸಿ 26ರಿಂದ ಭಾಗಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷದಲ್ಲಿ 6 ತಿಂಗಳು ದಾಟಿದ್ದರೆ ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ ನನಗೆ 8. ಬಂದದ್ದು 2,76,923. ಬಾಕಿ 30 ದಿನದ ರಜೆಗೆ ಬೇಸಿಕ್ ಲೆಕ್ಕದಲ್ಲಿ 60,000. ಮೂರೂ ಸೇರಿ 5,76,923.

ಇದು ನಾನೇ ರಾಜೀನಾಮೆ ಕೊಟ್ಟು ನೋಟಿಸ್ ಅವಧಿ ಮುಗಿಸಿ ಹೋಗಿದ್ದರೂ ಬರಬೇಕಿದ್ದ ದುಡ್ಡು! ಉಳಿದದ್ದು 73,077. ಸುಮಾರು ಎಂಟು ವರ್ಷದ ಕೆಲಸ ಕಸಿದುಕೊಳ್ಳುವುದಕ್ಕೆ ನಿಜವಾಗಿ ಕೊಡುತ್ತಿದ್ದ ಪರಿಹಾರ ಇಷ್ಟೇ. ನನ್ನದೇ ದುಡ್ಡನ್ನು ನನಗೇ ಗಿಫ್ಟ್ ಪ್ಯಾಕ್ ಮಾಡಿ ಕೊಟ್ಟ ಹಾಗೆ.

ಮರುದಿನ ಕಾರ್ಮಿಕ ಕಾನೂನು ನೋಡುವ ವಕೀಲರೊಬ್ಬರ ಹತ್ತಿರ ಹೋದೆ. ಒಂದು ಗಂಟೆಯ ಫೀಸು, ಅದಕ್ಕಿಂತ ಒಳ್ಳೆ ಖರ್ಚು ನಾನು ಆ ವರ್ಷ ಮಾಡಿಲ್ಲ. ಅವರು ಮೊದಲು ಕೇಳಿದ್ದು: "ನಿಮ್ಮ ಕೈಕೆಳಗೆ ಯಾರಾದರೂ ಇದ್ದಾರಾ? ರಜೆ ಮಂಜೂರು ಮಾಡೋದು ಯಾರು? ಅಪ್ರೈಸಲ್ ಬರೆಯೋದು ಯಾರು?" ನಾನು ಹೆಸರಿಗೆ ಲೀಡ್. ರಜೆ, ಅಪ್ರೈಸಲ್ ಎಲ್ಲ ಮ್ಯಾನೇಜರ್ ಕೈಯಲ್ಲಿ. ನಾನು ದಿನವಿಡೀ ಮಾಡುತ್ತಿದ್ದದ್ದು ಟೆಸ್ಟಿಂಗೇ.

ಈ ಪ್ರಶ್ನೆಗೆ ಕಾರಣ ಇದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಸಿಗುತ್ತಿದ್ದದ್ದು 'ವರ್ಕ್‌ಮನ್' ಎನಿಸಿಕೊಂಡವರಿಗೆ. ಆ ಪದ ಕೇಳಿ ಕಾರ್ಖಾನೆ ನೆನಪಾಗುತ್ತೆ, ಅಲ್ವಾ? ಆದರೆ ತಾಂತ್ರಿಕ ಕೆಲಸ ಮಾಡುವವರೂ ಅದರಲ್ಲಿ ಬರುತ್ತಿದ್ದರು. ಮುಖ್ಯವಾಗಿ ಮ್ಯಾನೇಜರ್ ಕೆಲಸ ಮಾಡುವವರು ಬರುತ್ತಿರಲಿಲ್ಲ. ವಿಸಿಟಿಂಗ್ ಕಾರ್ಡಿನ ಮೇಲಿನ ಹುದ್ದೆಯನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ಕೋರ್ಟು ನೋಡುತ್ತದೆ. ವರ್ಕ್‌ಮನ್ ಆಗಿದ್ದು ಒಂದು ವರ್ಷ ಸೇವೆ ಮುಗಿಸಿದ್ದರೆ ಸೆಕ್ಷನ್ 25ಎಫ್ ಪ್ರಕಾರ ಕಾರಣ ಬರೆದ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕಿತ್ತು. ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ, ಸರ್ಕಾರಕ್ಕೂ ಸೂಚನೆ. ಪರಿಹಾರದ ಲೆಕ್ಕ ಬರೀ ಬೇಸಿಕ್ ಮೇಲಲ್ಲ, ಭತ್ಯೆಗಳೂ ಸೇರಿ. ನನಗೆ 1,20,000ದ ಅರ್ಧ, ಅಂದರೆ 60,000ದಂತೆ 8 ವರ್ಷಕ್ಕೆ 4,80,000.

ಎಲ್ಲಿ 73 ಸಾವಿರ, ಎಲ್ಲಿ 4.8 ಲಕ್ಷ. ಆದರೆ ರಾಜೀನಾಮೆಗೆ ಸೈನ್ ಬಿದ್ದರೆ ಅದು ರಿಟ್ರೆಂಚ್‌ಮೆಂಟೇ (ಕಂಪನಿಯೇ ಕೆಲಸದಿಂದ ತೆಗೆಯುವುದು) ಅಲ್ಲ, ನೀವಾಗೇ ಹೋದಿರಿ ಅಂತ ಆಗುತ್ತದೆ. ಸಂಜೆಯೊಳಗೆ ಸೈನ್ ಬೇಕಾಗಿದ್ದೇಕೆ ಅಂತ ಆಗ ಅರ್ಥವಾಯಿತು.

ಕೋರ್ಟಿಗೆ ಹೋಗುವ ಮನಸ್ಸು ನನಗಿರಲಿಲ್ಲ. ವರ್ಷಗಟ್ಟಲೆ ಎಳೆಯುತ್ತದೆ, ನನಗೆ ಬೇಗ ಬೇರೆ ಕೆಲಸ ಬೇಕಿತ್ತು. ಸುಮ್ನೆ ಜಗಳ ಆಡದೆ ಲೆಕ್ಕವನ್ನೇ ಮೇಲ್ ಮಾಡಿದೆ: ಇದು ಹೇಗೂ ನನ್ನದು, ಇದು ಕಾನೂನಿನ ಪರಿಹಾರ, ನೀವು ಹೇಳಿದ್ದು ಇಷ್ಟು. "ನೀವು ಲೀಡ್, ನಿಮಗೆ ಅದು ಅನ್ವಯಿಸಲ್ಲ" ಎಂದು ಉತ್ತರ ಬಂತು. ನನ್ನ ಮೂರು ವರ್ಷದ ಅಪ್ರೈಸಲ್ ಗುರಿಗಳನ್ನು ಲಗತ್ತಿಸಿ ಕಳಿಸಿದೆ. ಎಲ್ಲವೂ ಟೆಸ್ಟ್ ಕೇಸ್, ಬಗ್ ಎಣಿಕೆ. ಮತ್ತೆ ಆ ಮಾತು ಎತ್ತಲಿಲ್ಲ.

ಮೂರನೇ ಸುತ್ತಿಗೆ ಇತ್ಯರ್ಥ ಆಯಿತು. ಪರಿಹಾರ 4,00,000. ನಾನು 80 ಸಾವಿರ ಬಿಟ್ಟುಕೊಟ್ಟೆ, ಬದಲಿಗೆ ಪದಗಳನ್ನು ತೆಗೆದುಕೊಂಡೆ. ಅವರ ಕರಡಿನಲ್ಲಿ ಅದು 'ಎಕ್ಸ್‌ಗ್ರೇಷಿಯಾ', ಅಂದರೆ ಕಂಪನಿ ತಾನಾಗೇ ಕೊಡುವ ದುಡ್ಡು, ಎಂದಿತ್ತು. ಅದನ್ನು ರಿಟ್ರೆಂಚ್‌ಮೆಂಟ್ ಪರಿಹಾರ ಎಂದು ಬದಲಾಯಿಸಲು ಹಟ ಹಿಡಿದೆ. ಆಗಿನ ಆದಾಯ ತೆರಿಗೆ ಕಾಯ್ದೆಯ 10(10ಬಿ) ಪ್ರಕಾರ, ಕಾನೂನಿನ ಲೆಕ್ಕ ಮೀರದ ಪರಿಹಾರಕ್ಕೆ 5 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಎಕ್ಸ್‌ಗ್ರೇಷಿಯಾ ಅಂತ ಬರೆದಿದ್ದರೆ ಸಂಬಳದ ಹಾಗೆ ಟಿಡಿಎಸ್ ಕಡಿಯುತ್ತಿದ್ದರು. ಅವರಿಗೆ ದುಡ್ಡು ಉಳಿಯಿತು, ನನಗೆ ತೆರಿಗೆ ಉಳಿಯಿತು. ಹುದ್ದೆ ಇಲ್ಲವಾದ್ದರಿಂದ ಸೇವೆ ಮುಗಿಸಲಾಗಿದೆ ಎಂದೇ ಪತ್ರ ಬಂತು. ಹೊಸ ಕಂಪನಿಯವರು ಅದನ್ನು ನೋಡಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಪ್ಪಂದದಲ್ಲಿ 'ಇನ್ನು ಮುಂದೆ ಕಂಪನಿಯಿಂದ ಏನೂ ಬರಬೇಕಾಗಿಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಅದರ ಮುಂದೆ 'ಪಿಎಫ್, ಗ್ರಾಚ್ಯುಟಿ ಹೊರತುಪಡಿಸಿ' ಎಂದು ಸೇರಿಸಿದೆ.

ನನ್ನ ಜೊತೆ ಹೊರಬಿದ್ದ ಹುಡುಗನೊಬ್ಬನದು ಬೇರೆ ತಲೆನೋವು. ಅವನಿಗೆ 4 ವರ್ಷ 10 ತಿಂಗಳು. ಗ್ರಾಚ್ಯುಟಿಗೆ 5 ವರ್ಷ ಬೇಕು, ಕೊಡಲ್ಲ ಎಂದಿದ್ದರು ಕಂಪನಿಯವರು. ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದಿದೆ. ಅದನ್ನು ಹಿಡಿದು ವಾದಿಸುವ ಬದಲು ಅವನು ಸುಲಭದ ದಾರಿ ಹಿಡಿದ. ನೋಟಿಸ್ ದುಡ್ಡು ಬೇಡ, ಆ ಎರಡು ತಿಂಗಳು ನೌಕರರ ಪಟ್ಟಿಯಲ್ಲೇ ಇಡಿ ಎಂದ. ಕಂಪನಿಗೆ ಖರ್ಚು ಹೆಚ್ಚುಕಮ್ಮಿ ಅಷ್ಟೇ, ಒಪ್ಪಿದರು. ಅವನ 5 ವರ್ಷ ತುಂಬಿತು.

ನಾನು ಎಡವಿದ್ದು ಇನ್ಶೂರೆನ್ಸಿನಲ್ಲಿ. ಕಂಪನಿಯ ಗುಂಪು ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯಿತು. ಅದರಲ್ಲಿ ಅಮ್ಮನೂ ಇದ್ದರು. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇತ್ತು, ಆದರೆ ಕವರ್ ಇರುವಾಗಲೇ ಕೇಳಬೇಕಿತ್ತು. ನಾನು ಕೇಳಿದ್ದು ಮೂರು ವಾರ ಕಳೆದ ಮೇಲೆ. ಅಮ್ಮನಿಗೆ ಹೊಸ ಪಾಲಿಸಿ, ಹಳೆಯ ಕಾಯಿಲೆಗೆ ಹೊಸದಾಗಿ ಕಾಯುವ ಅವಧಿ. ದುಡ್ಡಿನ ಜಗಳದಲ್ಲಿ ಮುಳುಗಿ ಇದನ್ನು ಮರೆತೆ.

ಇದು 2023ರ ಲೆಕ್ಕ, ಹಾಗೇ ನಕಲು ಮಾಡಬೇಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವರ್ಷಕ್ಕೆ 15 ದಿನದ ಪರಿಹಾರ ಉಳಿದಿದೆ. ಆದರೆ 'ವೇತನ' ಎಂದರೆ ಏನು ಎಂಬುದು ಬದಲಾಗಿದೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಥರದ ಭತ್ಯೆ ಅದರಿಂದ ಹೊರಗೆ. ಹಾಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ಕೆಲಸದಿಂದ ತೆಗೆದ 2 ಕೆಲಸದ ದಿನಗಳಲ್ಲಿ ಬಾಕಿ ವೇತನ ಕೊಡಬೇಕು. ರಿಟ್ರೆಂಚ್ ಆದವರಿಗೆ ಹೊಸ ಕೌಶಲ ಕಲಿಯಲೆಂದು ಇನ್ನೂ 15 ದಿನದ ವೇತನ, ಒಂದು ನಿಧಿಯ ಮೂಲಕ 45 ದಿನದೊಳಗೆ ಖಾತೆಗೆ ಬರಬೇಕು. ಎಚ್‌ಆರ್ ಇದನ್ನು ತಾವಾಗೇ ಹೇಳುತ್ತಾರೆ ಅಂತ ಕಾಯಬೇಡಿ.

ಕೊನೆಗೆ ನನ್ನ ಗ್ರಾಚ್ಯುಟಿ. 30 ದಿನದಲ್ಲಿ ಬರಬೇಕಿದ್ದದ್ದು 43ನೇ ದಿನ ಬಂತು. ತಡವಾದರೆ ಬಡ್ಡಿ ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ಹದಿಮೂರು ದಿನಕ್ಕೆ ಸಾವಿರ ರೂಪಾಯಿಯೂ ಆಗುತ್ತಿರಲಿಲ್ಲ. ಆದರೂ ಮೇಲ್ ಹಾಕಿದೆ. ಉತ್ತರ ಬರಲಿಲ್ಲ, ದುಡ್ಡು ಬಂತು.