ಕನ್ನಡಕ ಬಿಟ್ಟು ಲೆನ್ಸಿಗೆ: ಹಾಕುವ ಮೊದಲು ತೆಗೆಯುವುದು ಕಲಿಯಿರಿ

ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಎದುರಿಗೆ ಬಂದ ಕೂಡಲೇ ಕನ್ನಡಕದ ಮೇಲೆ ಹಬೆ ಕೂರುತ್ತದೆ. ಒರೆಸಿಕೊಳ್ಳುವಷ್ಟರಲ್ಲಿ ಬೆಣ್ಣೆ ಕರಗಿರುತ್ತದೆ. ಮಳೆ ಬಂದರೆ ಬಿ.ಎಚ್. ರಸ್ತೆಯ ದೀಪಗಳೆಲ್ಲ ಕಲಸಿಹೋಗುತ್ತವೆ. ವರ್ಷಗಟ್ಟಲೆ ಈ ಪಾಡು ಪಟ್ಟವನು ನಾನು. ಮೈನಸ್ 6 ಪವರ್, ಶಾಲೆಯಲ್ಲಿ ‘ಸೋಡಾಬುಡ್ಡಿ’ ಅಂತಲೇ ಹೆಸರು. ಹೋದ ವರ್ಷ ಕಾಂಟ್ಯಾಕ್ಟ್ ಲೆನ್ಸಿಗೆ ಬಂದೆ.

ಮೊದಲು ಅಳತೆ

ಕನ್ನಡಕದ ಹಳೇ ಚೀಟಿ ನೋಡಿಕೊಂಡು ಆನ್‌ಲೈನ್‌ನಲ್ಲಿ ತರಿಸಬೇಡಿ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಹಾಗಾಗಿ ಪವರ್ 4 ದಾಟಿದರೆ ಲೆಕ್ಕ ಬದಲಾಗುತ್ತದೆ. ನನ್ನ 6, ಲೆನ್ಸಿನಲ್ಲಿ 5.5 ಆಯಿತು. ಕಣ್ಣಿನ ಉಬ್ಬನ್ನೂ ಅಳೆಸಬೇಕು, ಕಣ್ಣು ಒಣಗುತ್ತದೆಯೇ ಎಂದೂ ನೋಡಿಸಬೇಕು. ಸಿಲಿಂಡರ್ ಪವರ್ ಇದ್ದವರಿಗೆ, ಅಂದರೆ ಕಣ್ಣಿನ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ, ಅದಕ್ಕೆಂದೇ ಮಾಡಿದ ಟೋರಿಕ್ ಲೆನ್ಸ್ ಬೇಕಾಗುತ್ತದೆ.

ದಿನಕ್ಕೊಂದು ಜೊತೆ ಎಸೆಯುವಂಥದ್ದು, ತಿಂಗಳಿಗೊಂದು ಜೊತೆ, ಎರಡೂ ಸಿಗುತ್ತವೆ. ದಿನದ್ದಕ್ಕೆ ದುಡ್ಡು ಜಾಸ್ತಿ, ತೊಳೆಯುವ ರಗಳೆ ಇಲ್ಲ. ತಿಂಗಳ ಲೆನ್ಸಿಗೆ ಪ್ಯಾಕ್ ಒಡೆದ ದಿನದಿಂದಲೇ ಲೆಕ್ಕ. ನಡುವೆ 10 ದಿನ ಹಾಕಲಿಲ್ಲ ಅಂತ ಮುಂದಕ್ಕೆ ಎಳೆಯುವ ಹಾಗಿಲ್ಲ.

ಕಲಿಯಬೇಕಾದ್ದು ಬೆರಳು

ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಉಗುರು ಕತ್ತರಿಸಿರಲಿ. ಸಿಂಕ್ ಮುಂದೆ ನಿಲ್ಲಬೇಡಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂರಿ. ಯಾವಾಗಲೂ ಬಲಗಣ್ಣೇ ಮೊದಲು ಅಂತ ರೂಢಿ ಮಾಡಿಕೊಂಡರೆ ಎಡ-ಬಲ ಅದಲುಬದಲಾಗುವುದಿಲ್ಲ.

ಲೆನ್ಸನ್ನು ತೋರುಬೆರಳ ತುದಿಯಲ್ಲಿ ಇಟ್ಟು ಬೆಳಕಿಗೆ ಹಿಡಿಯಿರಿ. ಬಟ್ಟಲಿನ ಹಾಗೆ ಅಂಚು ಮೇಲೆದ್ದಿದ್ದರೆ ಸರಿ. ತಟ್ಟೆಯ ಹಾಗೆ ಹೊರಕ್ಕೆ ಬಾಗಿದ್ದರೆ ಉಲ್ಟಾ ಆಗಿದೆ. ಒಂದು ಕೈಯಲ್ಲಿ ಮೇಲಿನ ರೆಪ್ಪೆ, ಇನ್ನೊಂದು ಕೈಯ ನಡುಬೆರಳಲ್ಲಿ ಕೆಳಗಿನ ರೆಪ್ಪೆ ಹಿಡಿದು ಲೆನ್ಸ್ ತಾಗಿಸಿ. ಒತ್ತುವುದು ಬೇಡ, ಅದೇ ಅಂಟಿಕೊಳ್ಳುತ್ತದೆ. ಕೆಳಗೆ ನೋಡಿ, ಮೆಲ್ಲಗೆ ಕಣ್ಣು ಮುಚ್ಚಿ ತೆರೆಯಿರಿ.

ಕಷ್ಟ ಇರುವುದು ತೆಗೆಯುವುದರಲ್ಲಿ. ಮೇಲೆ ನೋಡುತ್ತಾ ಲೆನ್ಸನ್ನು ಬೆರಳಿನಿಂದ ಬಿಳಿಗುಡ್ಡೆಗೆ ಜಾರಿಸಿ, ಹೆಬ್ಬೆರಳು ಸೇರಿಸಿ ಮೆತ್ತಗೆ ಚಿವುಟಿ ಎತ್ತಬೇಕು. ಕಲಿಸುವವರ ಎದುರಿಗೇ ನಾಲ್ಕೈದು ಸಲ ಮಾಡಿ. ನಾನು ಒಂದೇ ಸಲ ಮಾಡಿ ಮನೆಗೆ ಬಂದೆ. ರಾತ್ರಿ ಅರ್ಧ ಗಂಟೆ ಕನ್ನಡಿ ಮುಂದೆ ಒದ್ದಾಡಿ, ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಯಿತು ಅಂತ ಹೆಂಡತಿಯನ್ನು ಎಬ್ಬಿಸಿದೆ. ಹಿಂದಕ್ಕೆ ದಾರಿಯೇ ಇಲ್ಲ ಸ್ವಾಮಿ! ರೆಪ್ಪೆಯ ಒಳಗಿನ ಪೊರೆ ಮಡಿಚಿಕೊಂಡು ಬಂದು ಬಿಳಿಗುಡ್ಡೆಗೇ ಸೇರಿರುತ್ತದೆ. ಇನ್ನೊಂದು ಸಲ ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಲೆನ್ಸ್ ತೆಗೆದೆ. ಅದನ್ನು ವಿವರಿಸುವುದು ಬೇಡ.

ನೀರು, ನಿದ್ದೆ

ಹೇಮಾವತಿ ನೀರಿರಲಿ, ಬೋರ್ ನೀರಿರಲಿ, ಫಿಲ್ಟರ್ ನೀರೇ ಇರಲಿ, ಲೆನ್ಸಿಗೆ ತಾಗಿಸಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಲೆನ್ಸಿನ ಜೊತೆ ಸೇರಿಕೊಂಡರೆ ದೃಷ್ಟಿಗೇ ಕುತ್ತು. ಸ್ನಾನಕ್ಕೂ ಈಜಿಗೂ ಮೊದಲು ತೆಗೆದುಬಿಡಿ. ಲೆನ್ಸ್ ಇಡುವ ಕೇಸಿನಲ್ಲಿ ದಿನವೂ ಹೊಸ ಸಲ್ಯೂಷನ್ (ಲೆನ್ಸ್ ತೊಳೆದಿಡುವ ದ್ರಾವಣ) ಹಾಕಬೇಕು, ನಿನ್ನೆಯದಕ್ಕೇ ಇನ್ನಷ್ಟು ಸುರಿಯುವುದಲ್ಲ. ಕೇಸನ್ನು 3 ತಿಂಗಳಿಗೊಮ್ಮೆ ಬದಲಿಸಿ.

ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ಲೆನ್ಸ್ ಹಾಕಿ ಮಲಗಿದರೆ ಅದು ಸಾಲದಾಗುತ್ತದೆ, ಸೋಂಕಿಗೂ ದಾರಿ. ಬೆಳಗಿನ ಬೆಂಗಳೂರು ರೈಲಿನಲ್ಲಿ ತೂಕಡಿಸುವವರು ಗಮನಿಸಿ. ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ತಕ್ಷಣ ತೆಗೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನ ಡ್ರಾಪ್ಸ್ ನೆಚ್ಚಿಕೊಳ್ಳಬೇಡಿ. ಅದಕ್ಕೇ ಹಳೇ ಕನ್ನಡಕ ಕೈಗೆ ಸಿಗುವ ಕಡೆ ಇರಲಿ.

ಕಾಣುವುದು ಏನು?

ಮೈನಸ್ ಕನ್ನಡಕ ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ. ಮೊದಲ ದಿನ ನನ್ನ ಕೈಯೇ ದೊಡ್ಡದಾಗಿ ಕಂಡಿತು, ನಂಬಿ. ದೇವರಾಯನದುರ್ಗದ ಮೇಲೆ ನಿಂತಾಗ ಫ್ರೇಮಿನ ಗೆರೆಯೇ ಇರಲಿಲ್ಲ. ಕತ್ತು ತಿರುಗಿಸದೆ ಅಕ್ಕಪಕ್ಕದ ಬೆಟ್ಟವೂ ಕಂಡಿತು. ಕೋತಿ ಕನ್ನಡಕ ಕಿತ್ತುಕೊಂಡು ಹೋದೀತೆಂಬ ಭಯವೂ ಇಲ್ಲ.

ನಲವತ್ತು ದಾಟಿದವರಿಗೆ ಒಂದು ಮಾತು. ಕನ್ನಡಕ ತೆಗೆದು ಹತ್ತಿರದ ಅಕ್ಷರ ಓದುವ ಉಪಾಯ ಲೆನ್ಸಿನಲ್ಲಿ ನಡೆಯುವುದಿಲ್ಲ. ನನಗೀಗ 43. ಅಂಗಿ ಜೇಬಿನಲ್ಲಿ ಓದುವ ಕನ್ನಡಕ ಬಂದು ಕೂತಿದೆ. ತಟ್ಟೆ ಇಡ್ಲಿ ತಿನ್ನಲು ಅದು ಬೇಡ, ಬಿಲ್ ನೋಡಲು ಬೇಕು.