ದೊಡ್ಡ ಪರದೆಗೆ ಮಲೆನಾಡಿನ ಚಿತ್ರಗಳು: ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ಆಸುಪಾಸಿನ ಊರುಗಳಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೋ ಸಂಘದ ಸಭೆಗೋ ನಾನು ತೆಗೆದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವಂತೆ ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಮೊದಲು ಹಾಕುವ ಪ್ರಶ್ನೆ ಒಂದೇ: ತೋರಿಸುವುದು ಯಾವುದರಲ್ಲಿ? ಟಿವಿಯೋ, ಪ್ರೊಜೆಕ್ಟರೋ, ಎಲ್‌ಇಡಿ ಗೋಡೆಯೋ ಎಂಬುದು ಗೊತ್ತಾಗದೆ ನಾನು ಕೆಲಸಕ್ಕೆ ಕೂರುವುದಿಲ್ಲ. ಪರದೆ ದೊಡ್ಡದಾದಷ್ಟೂ ಫೈಲ್ ದೊಡ್ಡದಿರಬೇಕು ಎಂದು ಅನೇಕರು ನಂಬಿದ್ದಾರೆ, ವಾಸ್ತವದಲ್ಲಿ ಹಾಗಿಲ್ಲ.

ಚಿತ್ರವೆಂದರೆ ಪಿಕ್ಸೆಲ್ ಎಂಬ ಸಣ್ಣ ಬಣ್ಣದ ಚುಕ್ಕಿಗಳ ಜೋಡಣೆ; ನನ್ನ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್‌ಗಳಿವೆ, ಅಂದರೆ ಎರಡು ಕೋಟಿ ನಲವತ್ತು ಲಕ್ಷ. ಫುಲ್ ಎಚ್‌ಡಿ ಪರದೆಯಲ್ಲಿರುವುದು 1920×1080, ಸುಮಾರು 20 ಲಕ್ಷ; 4ಕೆ ಟಿವಿಯಲ್ಲಿ 3840×2160, ಸುಮಾರು 83 ಲಕ್ಷ. ಶಾಲೆಗಳಲ್ಲಿರುವ ಹಳೆಯ ಪ್ರೊಜೆಕ್ಟರುಗಳು ಹೆಚ್ಚಾಗಿ 1024×768 ಅಥವಾ 1280×800ರವು. ಇನ್ನು ವೇದಿಕೆಯ ಹಿಂದೆ ನಿಲ್ಲಿಸುವ ಎಲ್‌ಇಡಿ ಗೋಡೆಯ ಲೆಕ್ಕ ಕೇಳಿದವರು ಅಚ್ಚರಿಪಡುತ್ತಾರೆ. ಬಾಡಿಗೆಗೆ ಸಿಗುವ ಒಂದು ಬಗೆಯ ಗೋಡೆಯಲ್ಲಿ ಅರ್ಧ ಮೀಟರ್ ಉದ್ದಗಲದ ಪ್ರತಿ ಹಲಗೆಗೆ 128×128 ಚುಕ್ಕಿಗಳಿರುತ್ತವೆ; ಅಂಥ ಹಲಗೆಗಳನ್ನು ಅಡ್ಡಕ್ಕೆ ಎಂಟು, ಎತ್ತರಕ್ಕೆ ಐದು ಜೋಡಿಸಿ ಕಟ್ಟಿದ ಗೋಡೆಯಲ್ಲಿ ಒಟ್ಟು ಸಿಗುವುದು 1024×640 ಮಾತ್ರ, ನಮ್ಮ ಕೈಯಲ್ಲಿರುವ ಫೋನಿಗಿಂತ ಎಷ್ಟೋ ಕಡಿಮೆ. ಎರಡು ಚುಕ್ಕಿಗಳ ನಡುವೆ ಸುಮಾರು 3.9 ಮಿಲಿಮೀಟರ್ ಅಂತರವಿರುವುದರಿಂದ, ಸುಮಾರು 13 ಮೀಟರಿಗಿಂತ ಹತ್ತಿರ ಕುಳಿತವರ ಕಣ್ಣಿಗೆ ಚುಕ್ಕಿಗಳೇ ಬಿಡಿಬಿಡಿಯಾಗಿ ಕಾಣುತ್ತವೆ. ಆದ್ದರಿಂದ ಅಂಥ ಗೋಡೆಗೆ ನಾನು ಕೊಡಚಾದ್ರಿಯ ಬೆಟ್ಟಸಾಲು, ಸಕ್ರೆಬೈಲಿನ ಆನೆಗಳು ಇಂಥ ದೊಡ್ಡ ಆಕಾರದ ಚಿತ್ರಗಳನ್ನೇ ಆರಿಸುತ್ತೇನೆ.

ಯಂತ್ರವೇ ಚಿತ್ರವನ್ನು ಕಿರಿದುಗೊಳಿಸಿಕೊಳ್ಳುತ್ತದಲ್ಲ, ನಾವೇಕೆ ಮಾಡಬೇಕು ಎಂದು ಕೇಳುವವರಿಗೆ ನಾನು ಹಸೆ ಚಿತ್ತಾರದ ಒಂದು ಚಿತ್ರವನ್ನು ತೋರಿಸುತ್ತೇನೆ. ನಮ್ಮ ಕಡೆಯ ದೀವರ ಮಹಿಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಗೆರೆಗಳು ಅತ್ಯಂತ ಸಣ್ಣವು, ಒತ್ತೊತ್ತಾಗಿ ಸಮಾನಾಂತರವಾಗಿ ಸಾಗುವಂಥವು. 6000 ಪಿಕ್ಸೆಲ್‌ಗಳ ಚಿತ್ರವನ್ನು ಟಿವಿ ಅವಸರದಲ್ಲಿ 1920ಕ್ಕೆ ಇಳಿಸುವಾಗ ಮಧ್ಯದ ಪಿಕ್ಸೆಲ್‌ಗಳನ್ನು ಸುಮ್ಮನೆ ಬಿಟ್ಟುಬಿಟ್ಟರೆ, ಚಿತ್ತಾರಗಿತ್ತಿ ಎಳೆಯದೇ ಇದ್ದ ಅಲೆಯಲೆಯಾದ ಸುಳ್ಳು ವಿನ್ಯಾಸವೊಂದು ಗೋಡೆಯ ಮೇಲೆ ಮೂಡುತ್ತದೆ. ಅಡಿಕೆ ಸೋಗೆ, ಹೆಂಚಿನ ಮಾಡು, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಸೂಕ್ಷ್ಮ ಕೆತ್ತನೆ, ಇವೆಲ್ಲಕ್ಕೂ ಇದೇ ಅಪಾಯವಿದೆ. ಅದಕ್ಕಾಗಿ ಗಿಂಪ್ ತಂತ್ರಾಂಶದಲ್ಲಿ ಚಿತ್ರವನ್ನು ತುಸುವೇ ಮಸುಕುಗೊಳಿಸಿ, ಪರದೆಯ ನಿಖರ ಅಳತೆಗೆ ಇಳಿಸಿ, ಆಮೇಲೆ ಸುಮಾರು ಅರ್ಧ ಪಿಕ್ಸೆಲ್ ರೇಡಿಯಸ್‌ನಲ್ಲಿ ಹರಿತಗೊಳಿಸುತ್ತೇನೆ. ಹರಿತಗೊಳಿಸುವುದು ಯಾವಾಗಲೂ ಕೊನೆಯ ಕೆಲಸ. ಮೊದಲೇ ಮಾಡಿದ್ದು ಅಳತೆ ಇಳಿಸುವಾಗ ವ್ಯರ್ಥವಾಗುತ್ತದೆ. ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಸಂಖ್ಯೆಯನ್ನು ಬದಲಿಸುವ ಗೋಜಿಗೆ ಹೋಗಬೇಕಾಗಿಲ್ಲ, ಏಕೆಂದರೆ ಪರದೆ ಅದನ್ನು ಗಮನಿಸುವುದೇ ಇಲ್ಲ. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಮಳೆಗಾಲದ ಬೂಷ್ಟು ಹಿಡಿದ ಮುದ್ರಿತ ಫೋಟೋಗಳನ್ನು ಸ್ಕ್ಯಾನ್ ಮಾಡುವಾಗ ಮಾತ್ರ ಅದಕ್ಕೆ ಅರ್ಥವಿದೆ: 6×4 ಇಂಚಿನ ಫೋಟೋ 600 ಡಿಪಿಐನಲ್ಲಿ 3600×2400 ಆಗುತ್ತದೆ, ಫುಲ್ ಎಚ್‌ಡಿಗೆ ಧಾರಾಳವಾಗಿ ಸಾಕು.

ಆಕಾರದ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಜೋಗ. ಕ್ಯಾಮೆರಾದ 3:2 ಚೌಕಟ್ಟನ್ನು 16:9ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಆರನೇ ಒಂದು ಭಾಗದಷ್ಟು ಹೋಗುತ್ತದೆ. ಅಡ್ಡ ಚಿತ್ರಗಳಲ್ಲಿ ಆಕಾಶವನ್ನೋ ನೆಲವನ್ನೋ ಬಿಟ್ಟುಕೊಟ್ಟು ಸರಿದೂಗಿಸಬಹುದು. ಆದರೆ 253 ಮೀಟರ್ ಎತ್ತರದಿಂದ ಬೀಳುವ ರಾಜಾ ಧಾರೆಯನ್ನು ನಿಲುವಾಗಿ ತೆಗೆದಿದ್ದರೆ ಅದರ ತಲೆಯನ್ನಾಗಲಿ ಬುಡವನ್ನಾಗಲಿ ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ. ಕತ್ತರಿಸದೆ ಇಟ್ಟರೆ 1080 ಎತ್ತರಕ್ಕೆ 720 ಅಗಲ ಬಂದು ಪರದೆಯ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಉಳಿಯುತ್ತದೆ. ಹಾಗಾಗಿ ಬೇಸಿಗೆಯ ಜೋಗವನ್ನೂ ಮಳೆಗಾಲದ ಜೋಗವನ್ನೂ ಕಡುಬೂದು ಹಿನ್ನೆಲೆಯ ಮೇಲೆ ಅಕ್ಕಪಕ್ಕ ಇರಿಸುತ್ತೇನೆ. ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪೆಂದರೆ 0, ಅಚ್ಚ ಬಿಳುಪೆಂದರೆ 255; ನೀರಿನ ಬಿಳುಪು 255ಕ್ಕೆ ಮುಟ್ಟದಂತೆ 245ರ ಆಸುಪಾಸಿನಲ್ಲಿ ನಿಲ್ಲಿಸಿದರೆ, ಪ್ರೊಜೆಕ್ಟರಿನಲ್ಲೂ ನೊರೆಯ ಎಳೆಗಳು ಉಳಿಯುತ್ತವೆ.

ಬಣ್ಣದ ವಿಚಾರಕ್ಕೆ ಬಂದರೆ, ನಮ್ಮ ಸೀಮೆಯ ಚಿತ್ರವೆಂದರೆ ಮುಕ್ಕಾಲು ಪಾಲು ಹಸಿರು. ಹೆಚ್ಚು ವಿಸ್ತಾರದ ಬಣ್ಣಗಳನ್ನು ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಚಿತ್ರವನ್ನು ಹಾಗೆಯೇ ಟಿವಿಗೆ ಕೊಟ್ಟರೆ ಬಹುತೇಕ ಟಿವಿಗಳು ಅದನ್ನು ಸಾಮಾನ್ಯ ಪರದೆಗಳ ಬಣ್ಣ-ಪದ್ಧತಿಯಾದ ಎಸ್‌ಆರ್‌ಜಿಬಿ ಎಂದೇ ಓದಿಕೊಳ್ಳುತ್ತವೆ, ಮತ್ತು ಈ ಎರಡರ ನಡುವಿನ ದೊಡ್ಡ ವ್ಯತ್ಯಾಸ ಹಸಿರಿನಲ್ಲೇ ಇರುವುದರಿಂದ ಆಗುಂಬೆಯ ಕಾಡು ಬಾಡಿದ ಸೊಪ್ಪಿನಂತೆ ಕಾಣುತ್ತದೆ. ಆದ್ದರಿಂದ ಎಲ್ಲವನ್ನೂ ಎಸ್‌ಆರ್‌ಜಿಬಿಗೆ ಪರಿವರ್ತಿಸಿಯೇ ಉಳಿಸುತ್ತೇನೆ. ಇದಕ್ಕೆ ವಿರುದ್ಧವಾದ ಕೆಡುಕು ಟಿವಿಯ ‘ವಿವಿಡ್’ ವಿಧಾನದ್ದು. ಗದ್ದೆಯ ಸಸಿಗಳನ್ನು ಅದು ಪ್ಲಾಸ್ಟಿಕ್ಕಿನ ಹಸಿರಾಗಿಸುತ್ತದೆ. ‘ಸಿನಿಮಾ’ ವಿಧಾನಕ್ಕೆ ಬದಲಿಸಿ, ಟಿವಿಯ ಶಾರ್ಪ್‌ನೆಸ್ ಇಳಿಸುವುದು ನನ್ನ ರೂಢಿ.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಕತ್ತಲು. ಪ್ರೊಜೆಕ್ಟರಿಗೆ ಕಪ್ಪನ್ನು ಬಿಡಿಸಲು ಬರುವುದಿಲ್ಲ. ಬಿಳಿ ಪರದೆಯ ಮೇಲೆ ಸಭಾಂಗಣದ ಬೆಳಕು ಎಷ್ಟು ಬಿದ್ದಿದೆಯೋ ಅದೇ ಅದರ ಕಪ್ಪು. ತೊಟ್ಟಿಮನೆಯ ಒಳಜಗಲಿ, ಕಾಡಿನ ನೆರಳು, ಕರಿಗಲ್ಲಿನ ಗರ್ಭಗುಡಿಯ ಬಾಗಿಲು, ಇವೆಲ್ಲ ಕಂಪ್ಯೂಟರಿನಲ್ಲಿ ಎಷ್ಟು ಚೆನ್ನಾಗಿ ಕಂಡರೂ ಅಲ್ಲಿ ಬೂದಿ ಬಣ್ಣದ ಮುದ್ದೆಯಾಗಬಹುದು. ಅದಕ್ಕೆ ಕಪ್ಪಿನಿಂದ ಬಿಳಿಯವರೆಗೆ ಐದೈದು ಅಂಕಿಗಳ ಅಂತರದಲ್ಲಿ ಬೂದುಪಟ್ಟಿಗಳಿರುವ ಒಂದು ಚಿತ್ರವನ್ನು ಮಾಡಿಟ್ಟುಕೊಂಡಿದ್ದೇನೆ. ಕಾರ್ಯಕ್ರಮದ ಮುನ್ನಾದಿನ ಅದೇ ಸಭಾಂಗಣದಲ್ಲಿ, ಅದೇ ಹೊತ್ತಿನ ಬೆಳಕಿನಲ್ಲಿ ಅದನ್ನು ಹಾಕಿ, ಎಷ್ಟನೆಯ ಪಟ್ಟಿಯಿಂದ ವ್ಯತ್ಯಾಸ ಕಾಣುತ್ತದೆ ಎಂದು ನೋಡಿ, ಚಿತ್ರಗಳ ನೆರಳನ್ನು ಕರ್ವ್ಸ್ (ಬೆಳಕು-ನೆರಳಿನ ಮಟ್ಟವನ್ನು ಏರಿಳಿಸುವ ಸಾಧನ) ಮೂಲಕ ಅಷ್ಟು ಮೇಲೆತ್ತುತ್ತೇನೆ. 15ರವರೆಗಿನ ಪಟ್ಟಿಗಳೆಲ್ಲ ಒಂದೇ ಕಪ್ಪಾಗಿದ್ದು, ಬಿಳಿಯ ತುದಿಯೂ ಹಾಗೆಯೇ ಒಂದಾಗಿದ್ದರೆ ಮಾತ್ರ ಚಿತ್ರವನ್ನು ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ 0ಯಿಂದ 255ರವರೆಗೆ ಕಳಿಸುತ್ತಿರುವಾಗ ಎದುರಿನ ಯಂತ್ರ 16ರಿಂದ 235ರವರೆಗೆ ಮಾತ್ರ ಓದುತ್ತಿದೆ ಎಂಬುದು ಅದರ ಅರ್ಥ, ಎಚ್‌ಡಿಎಂಐ ವ್ಯಾಪ್ತಿಯ ಸೆಟ್ಟಿಂಗ್ ಸರಿಪಡಿಸಿದರೆ ಸಾಕು.

ಮಂಜಿನ ಚಿತ್ರಗಳಿಗೆ ಬೇರೆಯದೇ ಆರೈಕೆ ಬೇಕು. ಹೆಚ್ಚು ಒತ್ತಿದ ಜೆಪೆಗ್‌ನಲ್ಲಿ ಮಂಜು ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದರಿಂದ ಗುಣಮಟ್ಟವನ್ನು 95ರ ಹತ್ತಿರ ಇಟ್ಟು, ಕಣ್ಣಿಗೆ ಬೀಳದಷ್ಟು ಕಾಳು (ಸಣ್ಣ ಚುಕ್ಕಿಗಳ ಒರಟುತನ) ಬೆರೆಸುತ್ತೇನೆ.

ಪೆನ್‌ಡ್ರೈವಿನಿಂದ ನೇರವಾಗಿ ಟಿವಿಯಲ್ಲಿ ತೋರಿಸುವುದಾದರೆ ಫೋನಿನ ಎಚ್‌ಇಐಸಿ ಫೈಲ್‌ಗಳನ್ನು ಜೆಪೆಗ್ ಮಾಡಿಕೊಳ್ಳಬೇಕು, ಉಳಿಸುವಾಗ ಚಿತ್ರವನ್ನು ಹಂತಹಂತವಾಗಿ ಮೂಡಿಸುವ ‘ಪ್ರೊಗ್ರೆಸಿವ್’ ಆಯ್ಕೆಯನ್ನು ತೆಗೆಯಬೇಕು, ನಿಲುವು ಚಿತ್ರಗಳನ್ನು ನಿಜವಾಗಿಯೇ ತಿರುಗಿಸಿ ಉಳಿಸಬೇಕು. ಹೆಸರುಗಳನ್ನು 001, 002 ಎಂದು ಆರಂಭಿಸಿದರೆ ಅನುಕ್ರಮ ತಪ್ಪುವುದಿಲ್ಲ.

ಅಡಿಬರಹವನ್ನು ನಾನು ಚಿತ್ರದೊಳಗೇ ಅಚ್ಚೊತ್ತಿಬಿಡುತ್ತೇನೆ, ಏಕೆಂದರೆ ಸಭಾಂಗಣದ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಫಾಂಟ್ ಇರುತ್ತದೆಂಬ ಭರವಸೆಯಿಲ್ಲ. 1080 ಎತ್ತರಕ್ಕೆ 54 ಪಿಕ್ಸೆಲ್‌ಗಿಂತ ಚಿಕ್ಕ ಅಕ್ಷರ ಹಿಂದಿನ ಸಾಲಿನ ಹಿರಿಯರಿಗೆ ಕಾಣುವುದಿಲ್ಲ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್ ಬರಹಕ್ಕಿಂತ ಹೆಚ್ಚು ಅಂತರ ಬಿಡಬೇಕು. ಕೆಲವು ಟಿವಿಗಳು ಚಿತ್ರದ ಅಂಚನ್ನು ತಾವೇ ನುಂಗುವುದರಿಂದ ‘ಸ್ಕ್ರೀನ್ ಫಿಟ್’ ಆಯ್ಕೆ ಇದ್ದರೂ ಇಲ್ಲದಿದ್ದರೂ ಕೆಳಗೆ ಶೇಕಡಾ 5ರಷ್ಟು ಜಾಗವನ್ನು ಖಾಲಿ ಬಿಡುತ್ತೇನೆ. ‘ತೀರ್ಥಹಳ್ಳಿ’ಯ ಕೊನೆಯ ಒತ್ತು ಅಲ್ಲಿ ಕತ್ತರಿಸಿಹೋಗಬಾರದು.